ಕಾಳಗಿಯಲ್ಲಿ ಕಳೆದುಹೋದ ಅಳಿಯ

ನಾನು ಯುಎಕ್ಸ್ ಡಿಸೈನರ್. ಈ ಮಾತನ್ನು ಚಿತ್ತಾಪುರದಲ್ಲಿ ಹೇಳಿಕೊಂಡು ಬದುಕುವುದು ಎಷ್ಟು ಕಷ್ಟ ಎಂದು ತಿಳಿಯಬೇಕಾದರೆ ನೀವು ಒಂದು ದಿನ ನಮ್ಮ ಓಣಿಗೆ ಬರಬೇಕು. ಪಕ್ಕದ ಮನೆಯ ಆಶಾಬಿ ಬಟ್ಟೆ ಹೊಲಿಯುತ್ತಾರೆ. ನಾವು ಈ ಮನೆಗೆ ಬಂದ ವಾರದಲ್ಲೇ ಅವರು ಮೂರು ಬ್ಲೌಸ್ ಪೀಸು ಹಿಡಿದುಕೊಂಡು ಬಾಗಿಲಲ್ಲಿ ನಿಂತರು.

"ಅಣ್ಣಾರ, ನೀವು ಡಿಸೈನರ್ ಅಂತ. ಮದುವಿ ಬ್ಲೌಸ್ ಅದ, ಬೆನ್ನಿಗಿ ಒಂದು ಛಲೋ ಡಿಸೈನ್ ತಗದು ಕೊಡ್ರಿ."

ನಾನು ವಿನಯದಿಂದಲೇ, "ನಾ ಅರಿವಿ ಡಿಸೈನರ್ ಅಲ್ರಿ, ಅನುಭವದ ಡಿಸೈನರ್" ಎಂದೆ.

"ಅನುಭವ ಇದ್ರ ಇನ್ನಾ ಛಲೋ ಆಯ್ತಲ್ರಿ, ತಗೀರಿ" ಎಂದರು ಆಶಾಬಿ.

ಜನ ಒಂದು ವಸ್ತುವನ್ನು ಬಳಸುವಾಗ ತಡವರಿಸಬಾರದು, ಗಾಬರಿಯಾಗಬಾರದು, ಯಾರನ್ನೂ ಕೇಳುವ ಹಾಗಾಗಬಾರದು. ಹಾಗೆ ನೋಡಿಕೊಳ್ಳುವುದೇ ನನ್ನ ಕಸುಬು. ಈ ದಿವ್ಯದೃಷ್ಟಿ ಒಮ್ಮೆ ಬಂತೆಂದರೆ ಲೋಕದಲ್ಲಿ ಯಾವುದೂ ಸರಿ ಕಾಣುವುದಿಲ್ಲ. ನಮ್ಮ ಅಡುಗೆಮನೆಯ ಸ್ವಿಚ್ ಬೋರ್ಡನ್ನೇ ತೆಗೆದುಕೊಳ್ಳಿ. ಹನ್ನೊಂದು ಸ್ವಿಚ್ಚು. ಫ್ಯಾನ್ ಬೇಕೆಂದು ಒತ್ತಿದರೆ ಹೊರಗೆ ಅಂಗಳದ ದೀಪ ಹತ್ತುತ್ತದೆ.

"ನಾಕು ವರ್ಷ ಆಯ್ತು ಈ ಮನಿಗಿ ಬಂದು. ಫ್ಯಾನಿನ ಬಟನ್ ಯಾವ್ದು ಅಂತ ನಿಮಗ ಇನ್ನಾ ಗೊತ್ತಿಲ್ಲಂದ್ರ ತಪ್ಪು ಆ ಬೋರ್ಡಿಂದೇನು?" ಎಂದಳು ನನ್ನ ಹೆಂಡತಿ ಚಂದ್ರಕಲಾ. ಆಕೆ ಇಲ್ಲಿನ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಸೂಜಿ ಚುಚ್ಚುವ ಅಭ್ಯಾಸ ಮಾತಿಗೂ ಬಂದಿದೆ.

"ತಪ್ಪು ಯಾವತ್ತಿಗೂ ಬಳಸವಂದಲ್ಲ, ವಿನ್ಯಾಸದ್ದು" ಎಂದೆ ನಾನು. ಇದು ನಮ್ಮ ಕಸುಬಿನ ಮೂಲಮಂತ್ರ.

"ಹಂಗಾದ್ರ ನಿನ್ನಿ ಹಾಲು ಉಕ್ಕಿ ಗ್ಯಾಸ್ ಕಟ್ಟಿ ತುಂಬ ಹರದದ್ದು ನಿಮ್ಮ ತಪ್ಪಲ್ಲ, ಬೋಗಾಣಿದು?"

"ವಿಚಾರ ಮಾಡಿ ನೋಡಿದ್ರ, ಹೌದು."

ಆ ದಿನ ಮಧ್ಯಾಹ್ನದ ಊಟವನ್ನು ನಾನೇ ಬಡಿಸಿಕೊಂಡೆ.

ಮನೆಯಲ್ಲೇ ಕೂತು ಕೆಲಸ ಮಾಡುವವನಿಗೆ ನೆರೆಹೊರೆಯ ಬಳಕೆ ಚೆನ್ನಾಗಿರುತ್ತದೆ ಎಂದು ನೀವು ತಿಳಿದಿರಬಹುದು. ನನಗೆ ನಮ್ಮ ಓಣಿಯವರೆಲ್ಲ ಗೊತ್ತು, ವೈಫೈ ಹೆಸರಿನಿಂದ. ಎದುರು ಮನೆಯವರು ಯಾರು ಎಂದರೆ ಹೇಳಲಾರೆ. ಆದರೆ ಅವರ ಸಿಗ್ನಲ್ ನಮ್ಮ ಪಡಸಾಲೆಯಲ್ಲಿ ಎರಡು ಗೆರೆ ಬರುತ್ತದೆ ಎಂದು ಖಚಿತವಾಗಿ ಹೇಳಬಲ್ಲೆ. ಇಂಥ ಓಣಿಗೆ ನಮ್ಮ ಅತ್ತೆ ಹೀರಾಬಾಯಿ ಒಂದು ಗುರುವಾರ ಬಂದಿಳಿದರು. ಶಹಾಬಾದದ ಹತ್ತಿರ ಕಾಗಿಣಾ ಹೊಳೆಯ ದಂಡೆಯಲ್ಲಿ ಅವರ ಊರು. ಶುಕ್ರವಾರ ಸಂಜೆಯೊಳಗೆ ಎದುರು ಮನೆಯ ಸೊಸೆಗೆ ಎಷ್ಟನೇ ತಿಂಗಳು, ಮೂಲೆ ಮನೆಯ ಮುದುಕನಿಗೆ ಯಾವ ಕಾಲು ನೋವು, ಯಾರ ಮನೆಯ ಪುಂಡಿಪಲ್ಯ ಹುಳಿ ಜಾಸ್ತಿ ಎಂಬುದೆಲ್ಲ ಅವರಿಗೆ ಗೊತ್ತಾಗಿತ್ತು. ವೈಫೈ ಇಲ್ಲದೆ!

ಅವರು ಬಂದ ಕಾರಣ ದೊಡ್ಡದು. ಅವರ ಕಿರಿಯ ಮಗಳು ಶ್ರುತಿಯನ್ನು ಚಿಂಚೋಳಿಗೆ ಕೊಟ್ಟಿದೆ. ಲಗ್ನವಾಗಿ ಎಂಟು ವರ್ಷಕ್ಕೆ ಈಗ ಆಕೆಗೆ ಏಳು ತಿಂಗಳು. ಭಾನುವಾರ ಕುಬುಸದ ಕಾರ್ಯ, ಅಂದರೆ ಸೀಮಂತ. ತವರಿನಿಂದ ಹಸಿರು ಸೀರೆ, ಹಸಿರು ಬಳೆ, ಕುಬುಸ ಒಯ್ದು ಬಸುರಿಗೆ ಉಡಿಸಿ ಉಡಿ ತುಂಬಬೇಕು. ಸೀರೆಯನ್ನು ಅತ್ತೆ ಸೇಡಂನಿಂದ ತಾವೇ ಆರಿಸಿ ತಂದಿದ್ದರು. ಕುಬುಸವನ್ನು ಆಶಾಬಿ ಎರಡು ದಿನ ಕೂತು, ಅಂಚಿಗೆ ಸಣ್ಣ ಗಿಣಿ ಹೆಣೆದು, ಹೊಲಿದು ಕೊಟ್ಟಿದ್ದರು. (ಗಿಣಿಯ ಡಿಸೈನೂ ಅವರದೇ. ನನ್ನ ಮೇಲಿನ ಭರವಸೆ ಅಷ್ಟರಲ್ಲಿ ಹೋಗಿತ್ತು.)

ಅದೇ ಶುಕ್ರವಾರ ನಮ್ಮ ಮ್ಯಾನೇಜರ್ ಅಶೋಕಕುಮಾರ ಹೈದರಾಬಾದಿನಿಂದ ವಿಡಿಯೋದಲ್ಲಿ ಕಾಣಿಸಿಕೊಂಡರು. ಮೂಲತಃ ಮಂಡ್ಯ ಕಡೆಯವರು. ನಮ್ಮ ಕಂಪನಿ ಸಣ್ಣ ಊರುಗಳ ಬಸ್ ಪ್ರಯಾಣಿಕರಿಗಾಗಿ ಒಂದು ಆ್ಯಪ್ ಮಾಡುತ್ತಿತ್ತು. ಹೆಸರು 'ಹೋಗಿಬಾ'. ಸದ್ಯಕ್ಕೆ 'ಹೋಗಿ' ಮಾತ್ರ ಸಿದ್ಧವಾಗಿತ್ತು. 'ಬಾ' ಇನ್ನೂ ಬರಬೇಕಿತ್ತು.

"ಅಣವೀರ್, ಸ್ಕ್ರೀನು ಚೆನ್ನಾಗಿದೆ ಕಣ್ರೀ. ಆದ್ರೆ ನಿಜವಾದ ಯೂಸರ್ ಎಲ್ಲಿ? ಒಬ್ಬ ವಯಸ್ಸಾದ ಹೆಂಗಸಿನ ಕೈಗೆ ಫೋನ್ ಕೊಟ್ಟು, ಜೊತೆಗೇ ಪ್ರಯಾಣ ಮಾಡಿ. ಸಹಾಯ ಮಾಡಬೇಡಿ. ಸುಮ್ನೆ ನೋಡಿ, ಬರ್ಕೊಳ್ಳಿ. ಸೋಮವಾರ ವರದಿ ಬೇಕು" ಎಂದರು.

ನನ್ನ ಹಿಂದೆಯೇ ಅತ್ತೆ ನೆಲದ ಮೇಲೆ ಕೂತು ತೊಗರಿಕಾಯಿ ಸುಲಿಯುತ್ತಿದ್ದರು. ನಾನು ಅವರನ್ನು ತಿರುಗಿ ನೋಡಿದೆ. ಆ ಕ್ಷಣದಲ್ಲಿ ಅವರು ನನಗೆ ಅತ್ತೆಯಾಗಿ ಕಾಣಲಿಲ್ಲ.

ಸಂಜೆ ಚಂದ್ರಕಲಾ ಡ್ಯೂಟಿಯಿಂದ ಬಂದೊಡನೆ, "ಐತಾರ ನಿಮ್ಮವ್ವನ್ನ ಚಿಂಚೋಳಿಗಿ ನಾನೇ ಕರಕೊಂಡು ಹೋಗ್ತೀನಿ, ಬಸ್ಸಿನಾಗ" ಎಂದು ಘೋಷಿಸಿದೆ. ಆಕೆಗೆ ಭಾನುವಾರ ಹತ್ತು ಗಂಟೆಯವರೆಗೆ ಡ್ಯೂಟಿ. ಆಮೇಲೆ ಜೊತೆಯ ನರ್ಸಮ್ಮನ ಕಾರಿನಲ್ಲಿ ಬರುವವಳಿದ್ದಳು. ನನ್ನ ಮಾತು ಕೇಳಿ ಆಕೆಯ ಕಣ್ಣಲ್ಲಿ ನೀರು ಬಂತು.

"ಖರೇನ? ಹನ್ನೊಂದು ವರ್ಷದಾಗ ನೀವಾಗಿ ನಮ್ಮವ್ವನ ಸಂಗಾಟ ಎಲ್ಲಿಗೂ ಹೋದವರಲ್ಲ."

"ಈಗ ಅನಿಸ್ತು" ಎಂದೆ. ಇದು ಸುಳ್ಳಲ್ಲ. ಈಗಲೇ ಅನಿಸಿತ್ತು. ಯಾಕೆ ಅನಿಸಿತು ಎಂದು ಆಕೆ ಕೇಳಲಿಲ್ಲ, ನಾನು ಹೇಳಲಿಲ್ಲ.

ಭಾನುವಾರ ಮುಂಜಾನೆ ಚಂದ್ರಕಲಾ ಕುಬುಸದ ಚೀಲವನ್ನು ನನ್ನ ಹೆಗಲಿಗೆ ಹಾಕಿ, "ಅವ್ವಂಗ ವಜ್ಜಾಗ್ತದ, ನೀವೇ ಹಿಡೀರಿ. ಇಳಿಯಾಗ, ಹತ್ತಾಗ, ಚಾ ಕುಡಿಯಾಗ, ಎಲ್ಲಿಯೂ ಕೆಳಗ ಇಡಬ್ಯಾಡ್ರಿ. ಹನ್ನೆರಡೂವರಿ ಒಳಗ ಉಡಿ ತುಂಬಬೇಕಂತ. ಶ್ರುತಿ ಅತ್ತಿ ಭಾಳ ಖಡಕ್ ಹೆಣಮಗಳು" ಎಂದು ಎಚ್ಚರಿಸಿದಳು.

ಬಸ್ ನಿಲ್ದಾಣದ ಕಟ್ಟೆಯ ಮೇಲೆ ಅತ್ತೆಯನ್ನು ಕೂರಿಸಿ, ಚಂದ್ರಕಲಾಳ ಹಳೆಯ ಫೋನನ್ನು ಅವರ ಕೈಗೆ ಕೊಟ್ಟೆ. ಈಗಷ್ಟೇ ಹಂಚಿನಿಂದ ಇಳಿಸಿದ ರೊಟ್ಟಿಯ ಹಾಗೆ ಅದನ್ನು ಎರಡು ಬೆರಳ ತುದಿಯಲ್ಲಿ ಹಿಡಿದರು. ಅಕ್ಷರ ಬರುವುದಿಲ್ಲವೆಂದು ಫೋನೇ ಮಾತಾಡುವ ಹಾಗೆ ಮಾಡಿಟ್ಟಿದ್ದೆ. ಅದು ಮಧುರವಾಗಿ, "ನೀವು ಎಲ್ಲಿದ್ದೀರಿ ಎಂದು ತಿಳಿಯಲು ಅನುಮತಿ ನೀಡುವಿರಾ?" ಎಂದಿತು.

ಅತ್ತೆ ಬೆಚ್ಚಿದರು. "ನಾ ಎಲ್ಲಿ ಅದೀನಿ ಅಂತ ಇದಕ್ಕ ಗೊತ್ತಿಲ್ಲೇನು?"

"ಇಲ್ರಿ, ಅದಕ್ಕೇ ಕೇಳಾಕತ್ತದ."

"ನಾ ಎಲ್ಲಿ ಕುಂತೀನಿ ಅಂತೇ ಗೊತ್ತಿಲ್ಲಂದ್ರ, ಚಿಂಚೋಳಿ ಎಲ್ಲದ ಅಂತ ಇದಕ್ಕ ಹ್ಯಾಂಗ ಗೊತ್ತಿರ್ತದ ಅಳಿಯಂದ್ರ?"

ನಾನು ಸಹಾಯ ಮಾಡಬಾರದಾಗಿತ್ತು. ಸುಮ್ಮನೆ ಬರೆದುಕೊಂಡೆ: 'ಬಳಕೆದಾರಳು ಅನುಮಾನಪಡುತ್ತಾಳೆ.'

ಮುಂದೆ ಓಟಿಪಿ ಬಂತು. ಅಂಕಿ ಓದಲು ಅತ್ತೆಗೆ ಬರುತ್ತದೆ. "ಯಾರಿಗೂ ಹೇಳಬ್ಯಾಡ್ರಿ" ಎಂದು ನಾನು ಹೇಳಿ ಮುಗಿಸುವುದರೊಳಗೆ ಅವರು ಇಡೀ ನಿಲ್ದಾಣಕ್ಕೆ ಕೇಳುವಂತೆ, "ಎರಡು, ಒಂಬತ್ತು, ಒಂಬತ್ತು, ಸೊನ್ನಿ..." ಎಂದು ಓದತೊಡಗಿದ್ದರು. ಅದನ್ನು ಒತ್ತುವಾಗ ನನಗೆ ಕೊನೆಯ ಅಂಕಿ ಮರೆತುಹೋಯಿತು. ಅತ್ತ ಶೇಂಗಾ ಮಾರುತ್ತಿದ್ದವನು, "ಏಳು ಅಂದ್ರು ನೋಡ್ರಿ ಸರ" ಎಂದು ನೆನಪಿಸಿದ.

ಆಮೇಲೆ ಫೋನು, "ಟಿಕೆಟ್ ಖರೀದಿಸಿ" ಎಂದಿತು.

"ಹೆಣಮಕ್ಕಳಿಗಿ ಬಸ್ ಫ್ರೀ ಅದ. ಇದ್ಯಾಕ ರೊಕ್ಕ ಕೇಳ್ತದ?" ಎಂದ ಅತ್ತೆ ಫೋನನ್ನು ಮಡಿಲಲ್ಲಿ ಬೋರಲು ಹಾಕಿ, ಪಕ್ಕದಲ್ಲಿ ಕೂತಿದ್ದ ನಡುವಯಸ್ಸಿನ ಹೆಂಗಸಿನ ಕಡೆಗೆ ತಿರುಗಿದರು. "ಯವ್ವಾ, ಚಿಂಚೋಳಿ ಗಾಡಿ ಯಾವುದು?"

ನಾನು ನನ್ನ ಫೋನಿನಲ್ಲಿ ನೋಡಿದೆ. ಮುಂದಿನ ಬಸ್ಸು ಹನ್ನೊಂದು ನಿಮಿಷಕ್ಕೆ ಎಂದಿತ್ತು. ಅದನ್ನು ಬರೆದುಕೊಂಡು ತಲೆ ಎತ್ತುವುದರೊಳಗೆ ಅತ್ತೆ ಎದುರಿಗೆ ನಿಂತಿದ್ದ ಬಸ್ಸಿನೊಳಗೆ ಕೂತು, ಪಕ್ಕದ ಸೀಟಿಗೆ ಟವೆಲ್ ಹಾಸಿ, ಕಿಟಕಿಯಿಂದ ಕೈಬೀಸುತ್ತಿದ್ದರು.

"ಅಳಿಯಂದ್ರ, ಹತ್ರಿ! ಬಿಡ್ತಾನಂತ!"

"ಅತ್ತೀ, ಇದು ನಮ್ಮ ಬಸ್ ಅಲ್ಲ. ನಮ್ಮದು ಇನ್ನಾ ಬಂದಿಲ್ಲ."

"ಚಿಂಚೋಳಿ ಅಂತ ಬೋರ್ಡ್ ಅದ!"

"ನಿಮಗ ಓದಾಕ ಬರಂಗಿಲ್ಲಲ್ರಿ!"

"ಈ ಬಸವೇಶ್ವರಿಗಿ ಬರ್ತದ!" ಎಂದು ಆ ನಡುವಯಸ್ಸಿನ ಹೆಂಗಸನ್ನು ತೋರಿಸಿದರು. ಎರಡು ನಿಮಿಷದಲ್ಲಿ ಹೆಸರೂ ಗೊತ್ತಾಗಿತ್ತು. ನಾನು ಓಡಿ ಹತ್ತಿದೆ.

ದಾರಿಯುದ್ದಕ್ಕೂ ಅತ್ತೆ ಫೋನನ್ನು ಮುಟ್ಟಲಿಲ್ಲ. ಸುಲೇಪೇಟದಲ್ಲಿ ಬಳೆ ಅಂಗಡಿ ಇಟ್ಟಿದ್ದ ಬಸವೇಶ್ವರಿಯ ಜೊತೆ, ಹಿಂದಿನ ಸೀಟಿನ ಅಜ್ಜಿಯ ಜೊತೆ, ಕೊನೆಗೆ ಕಂಡಕ್ಟರ್ ಸಾಯಬಣ್ಣನ ಜೊತೆಗೂ ಮಾತಿಗಿಳಿದರು. ಸಾಯಬಣ್ಣನಿಗೆ ಮೊಣಕಾಲು ನೋವು. ಯಾವ ಎಣ್ಣೆ ತಿಕ್ಕಬೇಕು ಎಂದು ಹೇಳಿದರು. ಶ್ರುತಿಯ ಎಂಟು ವರ್ಷದ ಕಥೆ ಕೇಳಿ ಅಜ್ಜಿ ಕಣ್ಣೊರೆಸಿಕೊಂಡರು. ನಾನು ನನ್ನ ಪುಸ್ತಕದಲ್ಲಿ ಬರೆದೆ: 'ಬಳಕೆದಾರಳು ಮುಖ್ಯ ಕಾರ್ಯದಿಂದ ವಿಚಲಿತಳಾಗಿದ್ದಾಳೆ. ವಯಸ್ಸು ಅರವತ್ತನಾಲ್ಕು. ಹೊಸದನ್ನು ಕಲಿಯಲು ನಿರಾಸಕ್ತಿ. ಅತಿ ಮಾತು.' ಬರೆಯುವಾಗ ನನಗೆ ನನ್ನ ವೃತ್ತಿಯ ಬಗ್ಗೆ ಬಹಳ ಗೌರವ ಉಂಟಾಯಿತು.

ಕಾಳಗಿಯಲ್ಲಿ ಬಸ್ಸು ನಿಂತಿತು. "ಹತ್ತು ನಿಮಿಷ ಅದ, ಚಾ ಕುಡಿಯೋರು ಕುಡೀರಿ" ಎಂದ ಸಾಯಬಣ್ಣ. ಅತ್ತೆ ಚಹಾ ಬೇಡವೆಂದರು. ನಾನು ಹೆಂಡತಿಯ ಆಜ್ಞೆಯಂತೆ ಚೀಲವನ್ನು ಹೆಗಲಿನಿಂದ ಇಳಿಸದೆ ಕೆಳಗಿಳಿದೆ.

ನಿಲ್ದಾಣದ ಹೊರಗೆ ಬಂದೇಅಲಿ ಎಂಬವರ ಚಹಾ ಅಂಗಡಿ. ಕಂಡೊಡನೆ ನನ್ನ ದಿವ್ಯದೃಷ್ಟಿ ಜಾಗೃತವಾಯಿತು. ಚೀಟಿ ಕೊಡುವುದು ಈ ತುದಿಯಲ್ಲಿ, ಚಹಾ ಕೊಡುವುದು ಆ ತುದಿಯಲ್ಲಿ, ಬಿಸ್ಕತ್ತು ಮತ್ತೆ ಈ ತುದಿಯಲ್ಲಿ. ನಾನು ಒಂದು ಪುಟ ಹರಿದು ನಕ್ಷೆ ಬರೆದು ಬಂದೇಅಲಿಯವರಿಗೆ ವಿವರಿಸಿದೆ.

"ನೋಡ್ರಿ ಚಾಚಾ, ಒಂದು ಚಾಕ್ಕ ಗಿರಾಕಿ ಮೂರು ಸಲ ತಿರಗಬೇಕು. ಇದು ವಿನ್ಯಾಸದ ದೋಷ."

ಬಂದೇಅಲಿ ಚಹಾ ಸೋಸುತ್ತಲೇ ಶಾಂತವಾಗಿ, "ತಿರಗ್ಲಿ ಬಿಡ್ರಿ ಸಾಹೇಬ್ರ. ಬಸ್ಸಿನಾಗ ಕುಂತು ಕುಂತು ಕಾಲು ಹಿಡದಿರ್ತಾವ" ಎಂದರು.

ನಾನು ನಕ್ಷೆಯ ಇನ್ನೊಂದು ಮೂಲೆ ತೋರಿಸುತ್ತಿರುವಾಗಲೇ ಬಸ್ಸಿನ ಹಾರ್ನ್ ಕೇಳಿಸಿತು. ನಾನು ಓಡಿದೆ. ಓಡುತ್ತಲೇ, ಶಿಸ್ತಿನ ಸಂಶೋಧಕನಾದ್ದರಿಂದ, ಬಳಕೆದಾರಳು ಎಲ್ಲಿದ್ದಾಳೆ ಎಂದು ಆ್ಯಪಿನಲ್ಲಿ ನೋಡಿದೆ. (ಪರೀಕ್ಷೆಗೆಂದು ನಮ್ಮಿಬ್ಬರ ಫೋನನ್ನೂ ಅದರಲ್ಲಿ ಜೋಡಿಸಿಟ್ಟಿದ್ದೆ.) ಅತ್ತೆಯ ಕೆಂಪು ಚುಕ್ಕೆ ಬಸ್ಸಿನಲ್ಲಿರಲಿಲ್ಲ! ನನ್ನ ನೀಲಿ ಚುಕ್ಕೆಗೆ ಅಂಟಿಕೊಂಡೇ ಇತ್ತು. 'ನಿಮ್ಮಿಂದ ದೂರ: ಸೊನ್ನೆ ಮೀಟರ್.'

ನನ್ನನ್ನು ಹುಡುಕಿಕೊಂಡು ಅತ್ತೆ ಇಳಿದುಬಿಟ್ಟಿದ್ದಾರೆ! ಸುತ್ತ ನೋಡಿದೆ, ಗದ್ದಲದಲ್ಲಿ ಕಾಣಲಿಲ್ಲ. ಬಸ್ಸು ಮೆಲ್ಲಗೆ ಹೊರಟಿತ್ತು. ಒಳಗಿನಿಂದ ಯಾರೋ, "ಬರ್ತೀರೇನ್ರಿ ಚಿಂಚೋಳಿಗಿ?" ಎಂದು ಕೂಗಿದರು.

"ಇಲ್ರಿ, ನಮ್ಮವ್ರು ಕೆಳಗಿಳದಾರ. ನೀವು ಹೋಗ್ರಿ!" ಎಂದು ನಾನೇ ಕೈಬೀಸಿ ಬಸ್ಸನ್ನು ಕಳಿಸಿಕೊಟ್ಟೆ.

ಆಮೇಲೆ ಶುರುವಾಯಿತು ನನ್ನ ಶೋಧ. ಕುಡಿಯುವ ನೀರಿನ ನಳದ ಹತ್ತಿರ ಹೋದೆ. ಸೊನ್ನೆ ಮೀಟರ್. ಹಣ್ಣಿನ ಬಂಡಿಯ ಹಿಂದೆ ಹೋದೆ. ಸೊನ್ನೆ ಮೀಟರ್. ಹೆಂಗಸರ ವಿಶ್ರಾಂತಿ ಕೋಣೆಯ ಮುಂದೆ ನಿಂತು, "ಅತ್ತೀ! ಅತ್ತೀ!" ಎಂದು ಕೂಗಿದೆ. ಒಳಗಿನಿಂದ ನಾಲ್ಕು ಮಂದಿ ಹೊರಗೆ ಬಂದರು. ನಾಲ್ವರಿಗೂ ಅಳಿಯಂದಿರಿದ್ದರು, ಆದರೆ ಅದು ನಾನಲ್ಲ. ಎಷ್ಟು ದೂರ ಹೋದರೂ ಅತ್ತೆ ಸೊನ್ನೆ ಮೀಟರಿನಲ್ಲೇ ಇದ್ದರು. ಹೆಂಡತಿಯ ತಾಯಿಯ ಜೊತೆ ಇಷ್ಟು ಹತ್ತಿರದ ಸಂಬಂಧ ನನಗೆ ಹಿಂದೆಂದೂ ಇರಲಿಲ್ಲ.

ಅಷ್ಟರಲ್ಲಿ ಚಂದ್ರಕಲಾಳ ಕರೆ ಬಂತು.

"ಎಲ್ಲಿಗಿ ಬಂದ್ರಿ? ಅವ್ವ ಎಲ್ಲಿ ಅದಾಳ?"

"ಇಲ್ಲೇ ಅದಾರ, ಬಾಜೂಕ" ಎಂದೆ. ಆ್ಯಪಿನ ಪ್ರಕಾರ ಇದು ಸತ್ಯವೇ.

"ಫೋನ್ ಕೊಡ್ರಿ ಆಕಿಗಿ."

"ಈಗ... ಯಾರ ಜೋಡಿನೋ ಮಾತಾಡಾಕತ್ತಾರ."

ಇದೂ ಸತ್ಯವೇ ಆಗಿತ್ತೆಂದು ಆಮೇಲೆ ಗೊತ್ತಾಯಿತು. ಕರೆ ಕತ್ತರಿಸಿ, ಅತ್ತೆಯ ಫೋನಿಗೆ ರಿಂಗ್ ಮಾಡಿದೆ. ಮೊದಲೇ ಯಾಕೆ ಮಾಡಲಿಲ್ಲ ಎಂದು ಕೇಳಬೇಡಿ. ಚುಕ್ಕೆ ಕಣ್ಣೆದುರಿಗೇ ಇರುವಾಗ ಯಾರು ಫೋನ್ ಮಾಡುತ್ತಾರೆ? ರಿಂಗ್ ಆಯಿತು. ತೀರಾ ಹತ್ತಿರದಲ್ಲೇ, ನನ್ನ ಎಡಗಿವಿಯ ಕೆಳಗೆ, ರಿಂಗಾಗತೊಡಗಿತು. ನಾನು ಗಿರಕಿ ಹೊಡೆದೆ. ಶಬ್ದವೂ ನನ್ನ ಜೊತೆ ಗಿರಕಿ ಹೊಡೆಯಿತು. ಚೀಲದ ಬಾಯಿ ಬಿಚ್ಚಿದೆ. ಹಸಿರು ಸೀರೆಯ ಮಡಿಕೆಯೊಳಗೆ, ಆಶಾಬಿಯ ಗಿಣಿಗಳ ನಡುವೆ, ಫೋನು ಬೆಚ್ಚಗೆ ಮಲಗಿತ್ತು. ಚಿತ್ತಾಪುರ ದಾಟುವುದರೊಳಗೇ, ನಾನು ಬರೆದುಕೊಳ್ಳುವುದರಲ್ಲಿ ಮುಳುಗಿದ್ದಾಗ, ಅತ್ತೆ ಅದನ್ನು ಕೆಡದಂತೆ ಜೋಪಾನವಾಗಿ ಅಲ್ಲಿಟ್ಟಿದ್ದರು.

ಗಾಬರಿಯಲ್ಲಿ ನಾನು ಅದನ್ನು ಎತ್ತಿ, "ಹಲೋ, ಅತ್ತೀ?" ಎಂದೆ. ಬಲಗಿವಿಯಲ್ಲಿ ನನ್ನದೇ ಧ್ವನಿ, "ಹಲೋ, ಅತ್ತೀ?" ಎಂದು ಕೇಳಿತು.

ಆಗ ನನಗೆ ಪೂರ್ತಿ ಅರ್ಥವಾಯಿತು. ಅತ್ತೆ ಬಸ್ಸಿನಲ್ಲಿದ್ದಾರೆ. ಸೀರೆ ಕಾಳಗಿಯಲ್ಲಿದೆ. ಗಂಟೆ ಹತ್ತೂಮುಕ್ಕಾಲು. ಎಂಟು ವರ್ಷ ಕಾದ ಹುಡುಗಿ ಚಿಂಚೋಳಿಯಲ್ಲಿ ಮಣೆಯ ಮೇಲೆ ಕೂರಲು ಸಿದ್ಧವಾಗುತ್ತಿದ್ದಾಳೆ. ಚಹಾದ ಅಂಗಡಿಯ ದೋಷ ಹುಡುಕಲು ಹೋದ ನಾನು ಇಲ್ಲಿ ಎರಡು ಫೋನು ಕಿವಿಗಿಟ್ಟುಕೊಂಡು ನಿಂತಿದ್ದೇನೆ. ನಗು ಬರಲಿಲ್ಲ ಅನ್ನಿ. ಅಲ್ಲೇ ಕಟ್ಟೆಯ ಮೇಲೆ ಕೂತೆ.

ಅದೇ ಹೊತ್ತಿಗೆ ನಿಲ್ದಾಣದ ಮೈಕು ಗೊರಗೊರ ಎಂದಿತು. "ಪ್ರಯಾಣಿಕರ ಗಮನಕ್ಕೆ. ಹೀರಾಬಾಯಿಯವರ ಅಳಿಯ ಕಳೆದುಹೋಗಿದ್ದಾರೆ. ಹಸಿರು ಚೀಲ, ಕನ್ನಡಕ, ಕುತ್ತಿಗೆಯಲ್ಲಿ ಹೆಡ್‌ಫೋನ್. ಮೊಬೈಲ್ ನೋಡುತ್ತ ಸುತ್ತು ಹಾಕುತ್ತಿರುತ್ತಾರೆ. ಕಂಡವರು ಬಂದೇಅಲಿ ಚಹಾ ಅಂಗಡಿಗೆ ತಿಳಿಸಬೇಕು."

ನಿಲ್ದಾಣದ ಅಷ್ಟೂ ಜನ ಒಟ್ಟಿಗೆ ನನ್ನ ಕಡೆ ತಿರುಗಿದರು. ಹಣ್ಣಿನ ಬಂಡಿಯವನು, "ಇಲ್ಲೇ ಅದಾರ! ಸಿಕ್ರು!" ಎಂದು ಕೂಗಿದ.

ನಡೆದದ್ದು ಇಷ್ಟು. ನಾನು ಹಿಂದಿನ ಬಾಗಿಲಿನಿಂದ ಹತ್ತಿ ಹಿಂದೆಲ್ಲೋ ನಿಂತಿದ್ದೇನೆ ಎಂದು ಅತ್ತೆ ಭಾವಿಸಿದ್ದರು. ಕಾಳಗಿ ದಾಟಿದ ಮೇಲೆ ನಾನಿಲ್ಲವೆಂದು ಗೊತ್ತಾಗಿದೆ. ಅವರ ಬಳಿ ಫೋನಿಲ್ಲ, ನಂಬರೂ ಬಾಯಿಪಾಠವಿಲ್ಲ. ಸಾಯಬಣ್ಣನಿಗೆ ಹೇಳಿದ್ದಾರೆ. ಸಾಯಬಣ್ಣ ದಿನಾ ಚಹಾ ಕುಡಿಯುವುದು ಬಂದೇಅಲಿಯವರಲ್ಲಿ. ಅವರಿಗೆ ಫೋನ್ ಮಾಡಿದ್ದಾನೆ. ಬಂದೇಅಲಿ ಮೈಕಿನವರಿಗೆ ಹೇಳಿದ್ದಾರೆ. ಅಷ್ಟೇ. ಅನುಮತಿ ಇಲ್ಲ, ಓಟಿಪಿ ಇಲ್ಲ.

ಬಂದೇಅಲಿ ನನ್ನ ಕೈಗೆ ಚಹಾದ ಗ್ಲಾಸನ್ನು ತಾವೇ ತಂದುಕೊಟ್ಟರು, ನಾನು ತಿರುಗಬಾರದೆಂದು. "ಘಾಬರಿ ಆಗಬ್ಯಾಡ್ರಿ. ನಿಮ್ಮ ಅತ್ತಿ ಸುಖವಾಗಿ ಹೊಂಟಾರ. ನೀವು ಕಳದೀರಿ ಅಂತ ಅವ್ರಿಗಿ ಚಿಂತಿ. ಅಂಬರೇಶ! ಸುಲೇಪೇಟಕ್ಕ ಹೊಂಟಿದ್ದೆಲ್ಲೋ? ಇವ್ರನ್ನ ಹಾಕ್ಕೊ."

ಅಂಬರೇಶನದು ಶಾಮಿಯಾನದ ಸಾಮಾನು ಸಾಗಿಸುವ ಸಣ್ಣ ಗಾಡಿ. ಮುಂದೆ ಆತನ ಪಕ್ಕದಲ್ಲಿ ದೊಡ್ಡ ಹಂಡೆ ಕೂತಿತ್ತು. ಹಿಂದೆ ಇನ್ನೂರು ಪ್ಲಾಸ್ಟಿಕ್ ಕುರ್ಚಿ. ಇನ್ನೂರೂ ಒಂದರೊಳಗೊಂದು ಸಿಕ್ಕಿಕೊಂಡಿದ್ದರಿಂದ ನನಗೆ ಕೂರಲು ಒಂದೂ ದಕ್ಕಲಿಲ್ಲ. ಸುಲೇಪೇಟದವರೆಗೆ ಕುರ್ಚಿಗಳನ್ನು ತಬ್ಬಿಕೊಂಡು, ಚೀಲವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ನಿಂತೇ ಹೋದೆ. ತೊಗರಿ ಹೊಲಗಳಲ್ಲಿ ಕೆಲಸ ಮಾಡುತ್ತಿದ್ದವರು ಎದ್ದು ನಿಂತು ನೋಡಿದರು.

ಸುಲೇಪೇಟದ ರಸ್ತೆಯ ನಡುವೆ ಬಸವೇಶ್ವರಿ ಕೈ ಅಡ್ಡ ಹಿಡಿದು ನಿಂತಿದ್ದರು. ಅಂಗಡಿಯ ಬೀಗವನ್ನೂ ಇನ್ನೂ ತೆಗೆದಿರಲಿಲ್ಲ.

"ಬಂದ್ರಾ! ಹೀರಾಬಾಯಿ ಅಕ್ಕ ನನ್ನ ಕೈಹಿಡದು ಹೇಳಿ ಹೋಗ್ಯಾರ. ಸೀರಿ ಅದನೋ ಇಲ್ಲೋ?"

"ಅದ್ರಿ."

ಅವರು ಚೀಲ ಬಿಚ್ಚಿಸಿ ಕಣ್ಣಾರೆ ನೋಡಿದರು. ನನ್ನ ಮಾತಿನ ಮೇಲೆ ನಂಬಿಕೆ ಇರಲಿಲ್ಲ. ನೋಡಿದವರು ಬಳೆಗಳಲ್ಲಿ ಎರಡು ಒಡೆದಿವೆ ಎಂದು ಕಂಡುಹಿಡಿದು, ಬೀಗ ತೆಗೆದು ಅಂಗಡಿಯೊಳಗೆ ಹೋಗಿ, ಅದೇ ಹಸಿರಿನ ಒಂದು ಡಜನ್ ತಂದು ಇಟ್ಟರು. "ಎಂಟು ವರ್ಷಕ್ಕ ಬಸರಾದ ಕೂಸಿಗಿ ಒಡದ ಬಳಿ ಒಯ್ಯಬಾರ್ದು. ಇದು ನನ್ನ ಕಡಿಂದ" ಎಂದರು. ನಂತರ ನನ್ನನ್ನು ಚಿಂಚೋಳಿಯ ಜೀಪಿಗೆ ಹತ್ತಿಸಿ ಡ್ರೈವರನಿಗೆ ತಾಕೀತು ಮಾಡಿದರು: "ಇವ್ರನ್ನ ನಡುವ ಎಲ್ಲೂ ಇಳಸಬ್ಯಾಡ. ತಾವಾಗೇ ಇಳೀತೀನಂದ್ರೂ ಬಿಡಬ್ಯಾಡ."

ಹನ್ನೆರಡು ದಾಟಿ ಇಪ್ಪತ್ತು ನಿಮಿಷಕ್ಕೆ ನಾನು ಚಿಂಚೋಳಿಯ ಆ ಮನೆಯ ಅಂಗಳದಲ್ಲಿ ಇಳಿದೆ. ಶ್ರುತಿ ಮಣೆಯ ಮೇಲೆ ಕೂತಿದ್ದಳು. ಕಣ್ಣು ಬಾಗಿಲಲ್ಲೇ ಇತ್ತು. ಆಕೆಯ ಖಡಕ್ ಅತ್ತೆ ಸೊಂಟದ ಮೇಲೆ ಕೈಯಿಟ್ಟು ಗಡಿಯಾರ ನೋಡುತ್ತಿದ್ದರು. ಆಗಲೇ ಬಂದಿದ್ದ ಚಂದ್ರಕಲಾ ನನ್ನನ್ನು ನೋಡಿದ ನೋಟವನ್ನು ಬರೆಯಲು ನನ್ನಲ್ಲಿ ಶಬ್ದವಿಲ್ಲ. ಆಕೆ ರೋಗಿಗಳನ್ನು ಹಾಗೆ ನೋಡಿದರೆ ಅವರು ಅಂದೇ ಗುಣವಾಗಿ ಮನೆಗೆ ಹೋಗುತ್ತಾರೆ.

ಹೀರಾಬಾಯಿ ಎದ್ದು ಬಂದು ನನ್ನ ಹೆಗಲಿನಿಂದ ಚೀಲ ತೆಗೆದುಕೊಂಡರು. ನಾನು ಬೈಗುಳಕ್ಕೆ ತಲೆ ಬಗ್ಗಿಸಿದೆ. ಅವರು ಬೀಗರ ಕಡೆ ತಿರುಗಿ, "ನಮ್ಮ ಅಳಿಯಂದ್ರಿಗಿ ಕಾಳಗಿಯೊಳಗ ಆಫೀಸಿಂದು ಜರೂರ್ ಕೆಲಸ ಇತ್ರಿ. ಆದ್ರೂ ಟೈಮಿಗಿ ತಂದು ಮುಟ್ಟಿಸ್ಯಾರ" ಎಂದರು. ಅಷ್ಟೇ. ಖಡಕ್ ಅತ್ತೆ ಸೊಂಟದಿಂದ ಕೈ ತೆಗೆದರು. ಹಸಿರು ಸೀರೆ ಬಿಚ್ಚಿಕೊಂಡಿತು. ಬಸವೇಶ್ವರಿಯ ಬಳೆಗಳನ್ನು ತಾಯಿ ಒಂದೊಂದಾಗಿ ತೊಡಿಸುವಾಗ ಶ್ರುತಿ ಅಳುತ್ತಲೂ ನಗುತ್ತಲೂ ಇದ್ದಳು. ಇಂಥ ಹೆಂಗಸಿಗೆ ನಾನು ಏನೆಂದು ಬರೆದೆ ಎಂದು ಮನಸ್ಸು ಚುಚ್ಚಿತು.

ಚುಚ್ಚಿದ್ದು ಮನಸ್ಸಿನಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಹಿರಿಯರ ಕಾಲಿಗೆ ಬೀಳುವಾಗ ನನ್ನ ಜೇಬಿನ ಪುಸ್ತಕ ಕೆಳಗೆ ಬಿತ್ತು. ಎತ್ತಿಕೊಂಡವಳು ಚಂದ್ರಕಲಾ.

ಊಟದ ಪಂಕ್ತಿಯಲ್ಲಿ, ನನ್ನ ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ, ಆಕೆ ಅದನ್ನು ತೆರೆದಳು.

"'ಬಳಕೆದಾರಳು ಅನುಮಾನಪಡುತ್ತಾಳೆ.' ಯಾರ್ರಿ ಈ ಬಳಕೆದಾರಳು?"

"ಅದು... ಆಫೀಸಿಂದು."

"'ವಯಸ್ಸು ಅರವತ್ತನಾಲ್ಕು. ಹೊಸದನ್ನು ಕಲಿಯಲು ನಿರಾಸಕ್ತಿ. ಅತಿ ಮಾತು.'" ಆಕೆಯ ಧ್ವನಿ ಒಂದೊಂದು ಶಬ್ದಕ್ಕೂ ಮೇಲೇರಿತು. "ನಮ್ಮವ್ವನ ಮ್ಯಾಲ ಪ್ರೀತಿ ಉಕ್ಕಿ ಬಂದದ ಅಂತ ನಾ ಇಡೀ ವಾರ್ಡಿನಾಗ ಹೇಳಕೊಂಡು ಬಂದೀನಿ! ನೀವು ಆಕೀನ್ನ ಪರೀಕ್ಷಾ ಮಾಡಾಕ ಕರಕೊಂಡು ಬಂದೀರಿ?"

ಬಡಿಸುವವನು ತುಪ್ಪದ ತಂಬಿಗೆಯೊಂದಿಗೆ ನನ್ನನ್ನು ಬಿಟ್ಟು ಮುಂದಿನ ಎಲೆಗೆ ಹೋದ.

"ಏನು ಬರದಾರ?" ಎಂದರು ಹೀರಾಬಾಯಿ ಎದುರು ಪಂಕ್ತಿಯಿಂದ. ಚಂದ್ರಕಲಾ ಪೂರ್ತಿ ಓದಿ ಹೇಳಿದಳು. ಅತ್ತೆ ಗಂಭೀರವಾಗಿ ಕೇಳಿಸಿಕೊಂಡು, "ಅರವತ್ನಾಕಲ್ಲ. ಅರವತ್ತೆರಡು" ಎಂದರು. ಮತ್ತೆ ಊಟ ಮುಂದುವರಿಸಿದರು. ಅದಕ್ಕಿಂತ ಬೈದಿದ್ದರೆ ನನಗೆ ಹೋಳಿಗೆಯಾದರೂ ಇಳಿಯುತ್ತಿತ್ತು.

ಅತ್ತೆ ನಮ್ಮ ಜೊತೆಗೇ ಚಿತ್ತಾಪುರಕ್ಕೆ ಮರಳಿದರು. ಸೋಮವಾರ ಹನ್ನೊಂದು ಗಂಟೆಗೆ ಮೀಟಿಂಗು. ವರದಿಯಲ್ಲಿ ನಾನು ಕಾಳಗಿಯ ಪ್ರಸಂಗವನ್ನು ಬಿಟ್ಟು, 'ಬಳಕೆದಾರಳು ಯಶಸ್ವಿಯಾಗಿ ಗುರಿ ತಲುಪಿದಳು' ಎಂದು ಮುಗಿಸಿದ್ದೆ. ಆದರೆ ಅಶೋಕಕುಮಾರ ನನ್ನ ವರದಿಯನ್ನು ಓದಿಯೇ ಇರಲಿಲ್ಲ. ಆ್ಯಪು ತಾನಾಗಿಯೇ ಕಂಪನಿಗೆ ಕಳಿಸಿದ್ದ ನಕ್ಷೆಯನ್ನು ಪರದೆಯ ಮೇಲೆ ತೆರೆದರು. ಹನ್ನೆರಡು ಜನ ಸಹೋದ್ಯೋಗಿಗಳು ಮುಂದಕ್ಕೆ ಬಾಗಿದರು.

"ಆ ಅಮ್ಮನ ವಿಷಯ ಬಿಡಿ. ಫೋನನ್ನ ಯಾವ್ದೋ ಬ್ಯಾಗಿಗೆ ಹಾಕಿಬಿಟ್ಟಿರ್ಬೇಕು. ಅದು ಸಹಜ. ನನಗೆ ಇಂಟರೆಸ್ಟಿಂಗ್ ಅನ್ಸಿದ್ದು ಈ ಎರಡನೇ ಯೂಸರ್, ಈ ನೀಲಿ ಚುಕ್ಕೆ. ನೋಡಿ, ಕಾಳಗಿ ಬಸ್ ನಿಲ್ದಾಣಕ್ಕೆ ಹದಿನಾಲ್ಕು ಸುತ್ತು ಹಾಕಿದೆ. ಹೆಂಗಸರ ವಿಶ್ರಾಂತಿ ಕೋಣೆ ಮುಂದೆ ಮೂರು ಸಲ ನಿಂತಿದೆ. ತನ್ನ ಹತ್ರಾನೇ ಇರೋ ಫೋನನ್ನ ತಾನೇ ಅಟ್ಟಿಸ್ಕೊಂಡು ಹೋಗ್ತಿದೆ. ಒಂದ್ಸಲಾನೂ ಯಾರನ್ನೂ ಕೇಳಿದ ಹಾಗಿಲ್ಲ! ಅಣವೀರ್, ಯಾರ್ರೀ ಈ ಮನುಷ್ಯ?"

"ಯಾರೋ... ಸ್ಥಳೀಯರು ಇರಬೇಕು ಸಾರ್" ಎಂದೆ.

ನನ್ನ ಹಿಂದೆ ಅತ್ತೆ ಕೌದಿ ಹೊಲಿಯುವುದನ್ನು ನಿಲ್ಲಿಸಿ ಪರದೆಯ ಹತ್ತಿರ ಮುಖ ತಂದರು.

"ಸ್ಥಳೀಯರಲ್ರಿ, ನಮ್ಮ ಅಳಿಯಂದ್ರು."

ಹನ್ನೆರಡು ಜನರ ಮೈಕುಗಳೂ ಒಟ್ಟಿಗೆ ಮ್ಯೂಟ್ ಆದವು. ನಗುವವರು ಹಾಗೆ ಮಾಡುತ್ತಾರೆ. ಅಶೋಕಕುಮಾರ ಮಾತ್ರ ನಗಲಿಲ್ಲ. ಭಕ್ತಿಯಿಂದಲೇ ಕೇಳಿದರು: "ಅಮ್ಮಾ, ನಮ್ಮ ಆ್ಯಪ್‌ನಲ್ಲಿ ಏನು ಕಮ್ಮಿ ಇದೆ, ನೀವೇ ಹೇಳಿ."

"ಯಾರ ಬಾಜೂಕ ಕುಂದ್ರಬೇಕು ಅಂತ ಹೇಳ್ತದೇನ್ರಿ ಅದು?"

"ಇಲ್ಲಮ್ಮ."

"ಮತ್ತ ಅದನ್ನ ತಗೊಂಡು ನಾ ಏನು ಮಾಡ್ಲಿ?"

ಮ್ಯಾನೇಜರ್ ಅದನ್ನು ಬರೆದುಕೊಂಡರು. ಬರೆದು ತಲೆ ಎತ್ತಿ ತೀರ್ಪು ಕೊಟ್ಟರು. ಆ್ಯಪು ಬೇಕಾಗಿರುವುದು ಹೀರಾಬಾಯಿಯಂಥವರಿಗಲ್ಲ. ಅಣವೀರನಂಥವರಿಗೆ. ಇನ್ನು ಮುಂದೆ ಎಲ್ಲ ಪರೀಕ್ಷೆಯೂ ಅಣವೀರನ ಮೇಲೆಯೇ ನಡೆಯಬೇಕು. ಅಮ್ಮ ಒಪ್ಪಿದರೆ ಅವರು ಜೊತೆಗಿದ್ದು ನೋಡಲಿ. ಸಹಾಯ ಮಾಡಬಾರದು. ಸುಮ್ಮನೆ ನೋಡಬೇಕು.

ಅಮ್ಮ ಒಪ್ಪಿದರು. ಬರೆದುಕೊಳ್ಳುವ ಕೆಲಸವನ್ನು ಚಂದ್ರಕಲಾ ತಾನಾಗಿಯೇ ವಹಿಸಿಕೊಂಡಳು; ಹೊಸ ಇನ್ನೂರು ಪುಟದ ನೋಟ್‌ಬುಕ್ಕೂ ತಂದಳು.

ಮೊದಲ ಪರೀಕ್ಷೆ ನಾಳೆ. ಚಿತ್ತಾಪುರದಿಂದ ವಾಡಿ, ಅಲ್ಲಿಂದ ರೈಲಿನಲ್ಲಿ ಶಹಾಬಾದ. ಇಡೀ ಓಣಿಗೆ ಸುದ್ದಿ ಹಬ್ಬಿದೆ. ಎದುರು ಮನೆಯವರು (ಅವರ ಹೆಸರು ಸಂಗಮೇಶ್ವರ ಅಂತ, ಈಗ ಗೊತ್ತಾಯಿತು) ಬೆಳಿಗ್ಗೆಯೇ ಬಂದು ಧೈರ್ಯ ಹೇಳಿ ಹೋದರು. ಈಗ ತಾನೇ ಅತ್ತೆ ನಾಲ್ಕು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಟ್ಟು, ನನ್ನ ಅಂಗಿಯ ಜೇಬಿಗೆ ಚಂದ್ರಕಲಾ ಬರೆದುಕೊಟ್ಟ ಮನೆಯ ವಿಳಾಸದ ಚೀಟಿ ತುರುಕಿದರು. ಆಮೇಲೆ ನನ್ನ ತಲೆ ನೇವರಿಸಿ, ಬಹಳ ಅಕ್ಕರೆಯಿಂದ ಹೇಳಿದರು:

"ಕಳದ್ರ ಅಲ್ಲೇ ನಿಂದ್ರಿ ಅಳಿಯಂದ್ರ. ತಿರಗ್ಯಾಡಬ್ಯಾಡ್ರಿ, ಅಳಬ್ಯಾಡ್ರಿ. ಯಾರರೆ ಬಂದು ಕರಕೊಂಡು ಬರ್ತಾರ."